ನಮ್ಮ ಓಣಿಯಲ್ಲಿ ವಿದೇಶಿಯರಿಲ್ಲ

ಕಾಯುವುದೆಂದರೆ ಏನೆಂದು ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ನಾನು ಸರ್ಕಾರಿ ಗುಮಾಸ್ತನಾಗಿದ್ದೆ. ಯಾವ ಇಲಾಖೆ ಎಂದು ಕೇಳಬೇಡಿ. ಈಗ ನನ್ನ ಕುರ್ಚಿಯಲ್ಲಿ ಕೂತಿರುವವನಿಗೆ ಮುಜುಗರವಾದೀತು. ಮೇಜಿನ ಆಚೆ ಜನ ನಿಂತಿರುತ್ತಿದ್ದರು, ಈಚೆ ನಾನು ಕೂತಿರುತ್ತಿದ್ದೆ. ನಿಂತವರಿಗೆ ಕಾಲು ನೋಯುತ್ತದೆ ಎನ್ನುವುದು ಕೂತವನಿಗೆ ಸುಲಭಕ್ಕೆ ಹೊಳೆಯುವ ಸಂಗತಿಯಲ್ಲ. ಹಾಗಂತ ನಾನು ಕೆಟ್ಟವನಾಗಿರಲಿಲ್ಲ, ಯಾರ ಕಡತವನ್ನೂ ಬೇಕೆಂದು ತಡೆದವನಲ್ಲ. ಕಡತಗಳಿಗೇ ಒಂದು ಸ್ವಭಾವವಿರುತ್ತದೆ. ಕೆಲವು ಓಡುತ್ತವೆ, ಕೆಲವು ಕುಂಟುತ್ತವೆ, ಇನ್ನು ಕೆಲವು ಕಪಾಟಿನ ತಲೆಯ ಮೇಲೆ ಹತ್ತಿ ಕೂತರೆ ಸುಣ್ಣ ಬಳಿಯುವವರು ಬಂದಾಗಲೇ ಇಳಿಯುತ್ತವೆ. ಜನ ಬೇಸತ್ತು ನೆನಪಿನ ಪತ್ರ ಬರೆದು ತಂದರೆ ನಾನು ಗೌರವದಿಂದ ಮುದ್ರೆ ಹೊಡೆದು, ಅದನ್ನು ಅದೇ ಕಡತದೊಳಗೆ ಜೋಪಾನವಾಗಿ ಸೇರಿಸುತ್ತಿದ್ದೆ. ಕಡತ ದಪ್ಪಗಾಗುತ್ತಿತ್ತೇ ಹೊರತು ಅಲುಗುತ್ತಿರಲಿಲ್ಲ.

ಇಂಥ ಅನುಭವಸ್ಥನಾದ ನಾನು, ನನ್ನ ಸೊಸೆಗೆ ಭಾರತದ ಪೌರತ್ವ ಕೊಡಿಸುವ ಮಾತು ಬಂದಾಗ ಎದೆ ತಟ್ಟಿಕೊಂಡು, "ಇದೆಲ್ಲಾ ನನಗ ಬಿಡ್ರಿ, ಆರು ತಿಂಗಳದ ಕೆಲಸ" ಎಂದುಬಿಟ್ಟೆ. ನಾಲ್ಕು ವರ್ಷ ಹಿಡಿಯಿತು. ಅಪ್ಪ ಕೈ ಹಾಕದೆ ಇದ್ದಿದ್ದರೆ ಮೂರೇ ವರ್ಷಕ್ಕೆ ಆಗುತ್ತಿತ್ತು ಎಂದು ನನ್ನ ಮಗ ದೇವಿಂದ್ರ ಬಂದವರಿಗೆಲ್ಲ ಹೇಳುತ್ತಾನೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಚಹಾ ಕುಡಿಯುತ್ತಾ ಬೇರೆ ಕಡೆ ನೋಡುತ್ತೇನೆ.

ದೇವಿಂದ್ರ ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಅಲ್ಲಿನ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಶ್ರೀಲಂಕಾದ ನಿಲ್ಮಿನಿ ಎಂಬ ಹುಡುಗಿ ಕೆಲಸಕ್ಕಿದ್ದಳು. ಆ ಅಡುಗೆಮನೆಯ ಗ್ರೈಂಡರ್ ಮೂರು ಸಲ ಕೆಟ್ಟಿತಂತೆ, ಇವನು ಹೋಗಿ ಸರಿ ಮಾಡಿದನಂತೆ. ನಾಲ್ಕನೆಯ ಸಲ ಅದು ಕೆಡದೇ ಇದ್ದರೂ ಹೋದನಂತೆ. ಇಬ್ಬರೂ ಮದುವೆಯಾಗಿ ಸುರಪುರಕ್ಕೆ ಬಂದರು. ಅವನು ಬಸ್ ನಿಲ್ದಾಣದ ಹತ್ತಿರ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಹಾಕಿದ. "ಲಂಕಾದಾಕಿ ಬಂದಾಳ" ಎಂಬ ಸುದ್ದಿ ಕೇಳಿ ಓಣಿಯ ಮುದುಕಿಯರೆಲ್ಲ ಸರದಿಯ ಮೇಲೆ ಬಂದು ನೋಡಿ ಹೋದರು. ಲಂಕೆಯೆಂದರೆ ಅವರಿಗೆ ನೆನಪಾಗುವುದು ಬೇರೆ. ಈ ಹುಡುಗಿಗೆ ಒಂದೇ ತಲೆ ಇರುವುದನ್ನು ಕಂಡು ಕೆಲವರಿಗೆ ಸ್ವಲ್ಪ ನಿರಾಸೆಯಾದಂತೆ ಕಾಣಿಸಿತು. ಎದುರು ಮನೆಯ ಯಂಕಮ್ಮ ಮಾತ್ರ ಹುಡುಗಿಯ ಗದ್ದ ಹಿಡಿದೆತ್ತಿ, "ನಿಲ್ಮಿನಿ ಪಿಲ್ಮಿನಿ ನನ್ನ ಬಾಯಾಗ ಹೊರಳಂಗಿಲ್ಲವ್ವ. ನಾ ನೀಲಮ್ಮ ಅಂತೀನಿ, ನೀ ಓ ಅನಬೇಕು" ಎಂದಳು. ಹುಡುಗಿಗೆ ಏನು ಅರ್ಥವಾಯಿತೋ, "ಓ" ಎಂದಳು. ಯಂಕಮ್ಮ ಸೂಲಗಿತ್ತಿ, ಓಣಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅವಳು ಇಟ್ಟ ಹೆಸರು ಕಾಯಂ. ಅಂದಿನಿಂದ ನಿಲ್ಮಿನಿ ಎನ್ನುವ ಹೆಸರು ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿಯಿತು.

ನನ್ನ ಹೆಂಡತಿ ಶರಣಮ್ಮ ಕೇಳಿದ್ದು ಒಂದೇ ಪ್ರಶ್ನೆ: "ರೊಟ್ಟಿ ಬಡಿಯಾಕ ಬರ್ತದೇನು?" ಬರುತ್ತಿರಲಿಲ್ಲ. ಹೊಸ ಸೊಸೆಯರ ರೊಟ್ಟಿ ಯಾವ್ಯಾವುದೋ ದೇಶದ ನಕಾಶೆಯಂತೆ ಇರುತ್ತದೆಂದು ಹೇಳುತ್ತಾರಲ್ಲ, ನೀಲಮ್ಮನ ರೊಟ್ಟಿ ಮಾತ್ರ ನಿಷ್ಠೆಯಿಂದ ಶ್ರೀಲಂಕಾದ ಆಕಾರದಲ್ಲೇ ಬರುತ್ತಿತ್ತು. ಎರಡು ವರ್ಷದಲ್ಲಿ ಅದು ದುಂಡಗಾಯಿತು, ಮೂರನೆಯ ವರ್ಷ ಪೂರಿಯಂತೆ ಉಬ್ಬತೊಡಗಿತು. ಕನ್ನಡವನ್ನು ಅವಳು ಕಲಿತದ್ದು ಓಣಿಯ ನಳದ ಮುಂದೆ, ಕೊಡ ಹಿಡಿದು ನಿಂತ ಹೆಂಗಸರಿಂದ. ಹಾಗಾಗಿ ಅವಳ ಕನ್ನಡದಲ್ಲಿ ವಿನಂತಿಗಿಂತ ತಕರಾರು ಮೊದಲು ಬಂತು. ತಿಂಥಣಿಯ ಕಡೆಯಿಂದ ಕೃಷ್ಣೆಯ ಮೀನು ತರುವವನು ನಮ್ಮ ಓಣಿಗೆ ಬಂದರೆ, ಅವಳು ಕಿವಿರು ಎತ್ತಿ ನೋಡಿ, "ಇದು ನಿನ್ನೆ ಸತ್ತದ್ದೋ, ಮೊನ್ನೆ ಸತ್ತದ್ದೋ? ಖರೇ ಹೇಳು, ಇಲ್ಲಂದ್ರ ಬುಟ್ಟಿ ಎತ್ತಿ ನಡಿ" ಎನ್ನುತ್ತಿದ್ದಳು. ಅವನು ನಿಜ ಹೇಳಿಬಿಡುತ್ತಿದ್ದ. ನಾನು ಮೂವತ್ತು ವರ್ಷ ಅವನಿಂದ ಮೊನ್ನೆ ಸತ್ತ ಮೀನನ್ನೇ ತಿಂದಿದ್ದೇನೆಂದು ಆಗ ಗೊತ್ತಾಯಿತು.

ಇಷ್ಟೆಲ್ಲ ಆದರೂ ಸರ್ಕಾರದ ಲೆಕ್ಕದಲ್ಲಿ ಅವಳು ಪರದೇಶಿ. ಇಲ್ಲಿರಲು ಅವಳಿಗೊಂದು ಪರವಾನಗಿ ಪತ್ರ, ಅದರ ಮೇಲೊಂದು ಅವಧಿ. ಅವಧಿ ಮುಗಿಯುವ ತಿಂಗಳು ಬಂತೆಂದರೆ ನೀಲಮ್ಮನ ಊಟ ಕಡಿಮೆಯಾಗುತ್ತಿತ್ತು. ಒಂದು ಸಲ ನನ್ನ ಮೊಮ್ಮಗಳು ವೇಣಿ, ಆಗ ಒಂದನೆಯ ಇಯತ್ತೆ, ಶಾಲೆಯಿಂದ ಅಳುತ್ತಾ ಬಂದಳು. ಯಾರೋ ಅವಳಿಗೆ, "ನಿಮ್ಮವ್ವಗ ಪೊಲೀಸರು ಹಡಗದಾಗ ಕುಂದರಿಸಿ ಕಳಸ್ತಾರಂತ" ಎಂದಿದ್ದರು. ಅಂದು ಸಂಜೆಯೆಲ್ಲ ಮಗು ತಾಯಿಯ ಸೆರಗು ಬಿಡಲಿಲ್ಲ. ನೀಲಮ್ಮ ರೊಟ್ಟಿ ಬಡಿಯುವಾಗಲೂ ಅದು ಸೆರಗಿನ ತುದಿ ಹಿಡಿದೇ ಕೂತಿತ್ತು. ನಾನು ಎದೆ ತಟ್ಟಿಕೊಂಡದ್ದು ಅವತ್ತೇ. ಏಳು ವರ್ಷ ಇಲ್ಲಿ ವಾಸ ಮಾಡಿದ ಮೇಲೆ ಅರ್ಜಿ ಹಾಕಬಹುದಿತ್ತು, ಆ ಏಳು ವರ್ಷವೂ ಅಷ್ಟೊತ್ತಿಗೆ ತುಂಬಿತ್ತು.

ಅರ್ಜಿ ಕಂಪ್ಯೂಟರಿನಲ್ಲಿ ಹೋಯಿತು, ಕಾಗದದ ಪ್ರತಿ ಯಾದಗಿರಿಗೆ ಹೋಯಿತು, ಹಿಂದೆ ಹಿಂದೆ ನಾವೂ ಹೋದೆವು. ಮೊದಲ ಸಲ ಬಸ್ಸು ಶಹಾಪುರ ಸಮೀಪಿಸಿದಾಗ ಕಿಟಕಿಯ ಬಳಿ ಕೂತಿದ್ದ ನೀಲಮ್ಮ ಥಟ್ಟನೆ ಎದ್ದು ನಿಂತು ಕೈಮುಗಿದಳು. ಕಣ್ಣಲ್ಲಿ ನೀರು. ಶಹಾಪುರದ ಬೆಟ್ಟ ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ, ಹೊರಗಿನಿಂದ ಬಂದವರು ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ನಾನು ನೌಕರಿಯಲ್ಲಿದ್ದಾಗ ಆ ದಾರಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದೆ, ಆದರೆ ಅಲ್ಲಿಗೆ ಬರುವ ಹೊತ್ತಿಗೆ ನಾನೂ ಮಲಗಿರುತ್ತಿದ್ದೆ. "ಮಾವಾರ, ನಮ್ಮೂರಾಗೂ ಹಿಂಗೇ ಮಲಗ್ಯಾನ್ರಿ" ಎಂದಳು. ಆಮೇಲೆ ಪ್ರತಿ ಸಲವೂ ಹೋಗುವಾಗ ಒಂದು, ಬರುವಾಗ ಒಂದು ಕೈಮುಗಿಯುವುದು ಪದ್ಧತಿಯಾಯಿತು. ಬರಿಗೈಯಲ್ಲಿ ವಾಪಸು ಬರುವಾಗ ನಾನು, "ನೋಡವ್ವ, ಅವನ ಬಾಜೂಕ ನಮ್ಮ ಕಡತಾನೂ ಮಲಗ್ಯಾದ" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ನಗಿಸುವುದು ನನ್ನ ಕೈಲಾಗುತ್ತಿತ್ತು, ಉಳಿದದ್ದು ಆಗುತ್ತಿರಲಿಲ್ಲ.

ಕಚೇರಿಯಲ್ಲಿ ಕೂತಿದ್ದ ಗುಮಾಸ್ತ ಒಳ್ಳೆಯ ಹುಡುಗ. "ಮ್ಯಾಲಿಂದ ಬರಬೇಕ್ರಿ ಯಜಮಾನ್ರ" ಎಂದು ಹೇಳಿ ಬೆರಳು ಮೇಲೆ ಮಾಡುತ್ತಿದ್ದ. ನೀಲಮ್ಮ ಪ್ರತಿ ಸಲವೂ ತಲೆ ಎತ್ತಿ ನೋಡುತ್ತಿದ್ದಳು. ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ನೆನಪಿನ ಪತ್ರಗಳನ್ನು ಬರೆಯಲು ಶುರು ಮಾಡಿದೆ. 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನ ಸೆಳೆಯಬಯಸುತ್ತೇನೆ' ಎಂದು ಬರೆಯುವಾಗಲೇ, ಆಚೆ ಯಾರೋ ಒಬ್ಬ ನನ್ನಂಥವನು ಅದಕ್ಕೆ ಮುದ್ರೆ ಹೊಡೆದು ಜೋಪಾನ ಮಾಡುವುದು ಕಣ್ಣಿಗೆ ಕಟ್ಟುತ್ತಿತ್ತು. ದೇವಿಂದ್ರ ದಿನಾ ಬೆಳಿಗ್ಗೆ ಫೋನು ತೆಗೆದು ಅರ್ಜಿಯ ಸ್ಥಿತಿ ನೋಡುತ್ತಿದ್ದ. 'ಪರಿಶೀಲನೆಯಲ್ಲಿದೆ' ಎಂದು ಬರುತ್ತಿತ್ತು. ವೇಣಿ ಓದಲು ಕಲಿತ ಮೊದಲ ದೊಡ್ಡ ಪದ ಅದೇ. ಒಂದು ದಿನ ಅವಳ ಟೀಚರು ಲೆಕ್ಕ ಮುಗಿಯಿತೇ ಎಂದು ಕೇಳಿದ್ದಕ್ಕೆ, "ಪರಿಶೀಲನೆಯಲ್ಲಿದೆ ಮಿಸ್" ಎಂದಳಂತೆ. ಶರಣಮ್ಮ ಮಾತ್ರ ಯಾವ ಪತ್ರವನ್ನೂ ಬರೆಯದೆ, ಸೋಮವಾರ ಒಂದೊತ್ತು ಹಿಡಿದಳು. ಎರಡು ವರ್ಷ ಕಳೆದ ಮೇಲೆ ಅವಳು ತೂಕ ಇಳಿದು ಆರೋಗ್ಯವಂತಳಾದಳು. ಆ ಅರ್ಜಿಯಿಂದ ಮೊದಲ ಲಾಭವಾದದ್ದು ಅವಳಿಗೇ.

ಮೂರನೆಯ ವರ್ಷ ಸುದ್ದಿ ಬಂತು: ಸ್ಥಳದ ವಿಚಾರಣೆಗೆ ಮನುಷ್ಯರು ಬರುತ್ತಾರೆ, ಓಣಿಯವರನ್ನೂ ಕೇಳುತ್ತಾರೆ. ನನ್ನ ಅನುಭವ ಉಕ್ಕಿ ಬಂತು. ಯಂಕಮ್ಮನ ಮನೆಯ ಕಟ್ಟೆಯ ಮೇಲೆ ಓಣಿಯವರನ್ನೆಲ್ಲ ಕೂಡಿಸಿ ಭಾಷಣ ಮಾಡಿದೆ. "ಚೌಕಶಿ ಮಾಡಾಕ ಬರ್ತಾರ. ಯಾರೂ ಅಂಜಬ್ಯಾಡ್ರಿ, ಅಡ್ಡಾದಿಡ್ಡಿ ಮಾತಾಡಬ್ಯಾಡ್ರಿ. ಆಕಿ ನಮ್ಮಾಕಿ ಅಂತ ಗಟ್ಟಿಯಾಗಿ ಹೇಳ್ರಿ, ಸಾಕು." ಯಾರೋ ಕೇಳಿದರು, "ಹಂಗ ಹೇಳಲಿಲ್ಲಂದ್ರ ಒಯ್ತಾರೇನ್ರಿ?" ಅಲ್ಲಿಗೆ ನಾನು ಇಲ್ಲ ಎಂದು ಬಾಯಿ ಮುಚ್ಚಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸಭೆಗೆ ಒಂದು ಗಾಂಭೀರ್ಯ ಇರಲಿ ಎಂದು, "ಒಯ್ದರೂ ಒಯ್ದಾರು, ಹೇಳಾಕ ಬರಂಗಿಲ್ಲ" ಎಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಮಾತು ಚೆನ್ನಾಗಿ ನಾಟಿದೆ ಎಂದು ಖುಷಿಪಟ್ಟುಕೊಂಡು ಮನೆಗೆ ಬಂದೆ.

ವಿಚಾರಣೆಯವರು ಬಂದ ದಿನ ನಾನೂ ಶರಣಮ್ಮನೂ ಶಿರವಾಳದಲ್ಲಿದ್ದೆವು, ನನ್ನ ತಂಗಿಯ ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ. ದೇವಿಂದ್ರ ಯಾರದೋ ಹೊಲದಲ್ಲಿ ಮೋಟಾರು ಎತ್ತಿಸುತ್ತಿದ್ದ. ನೀಲಮ್ಮ ಗಿರಣಿಗೆ ಹೋಗಿದ್ದಳು. ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ಓಣಿಯ ಪ್ರತಿಯೊಬ್ಬರೂ ಬಂದು ಅಭಿನಯಿಸಿ ತೋರಿಸಿದ್ದರಿಂದ ಕಂಡಷ್ಟೇ ಗಟ್ಟಿ. ಸಾದಾ ಅಂಗಿ ತೊಟ್ಟ ಒಬ್ಬಾತ ಮೋಟಾರ್ ಸೈಕಲ್ ನಿಲ್ಲಿಸಿ ಯಂಕಮ್ಮನನ್ನು ಕೇಳಿದನಂತೆ, "ಈ ಎದುರು ಮನ್ಯಾಗ ಫಾರಿನ್ ಹೆಣಮಗಳು ಅದಾಳಂತಲ್ಲ?" ಯಂಕಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ಫಾರಿನ್ನಾಕಿ? ನಮ್ಮ ಓಣ್ಯಾಗ? ಯಾರ್ ಹೇಳ್ಯಾರ್ರಿ ನಿಮಗ? ಈ ಮನಿ ಸೊಸಿ ನೀಲಮ್ಮ. ಆಕಿ ಹೊಕ್ಕಳ ಕೊಯ್ದಾಕಿ ನಾನೇ ಅದೀನಿ. ಹುಟ್ಟಿದಾಗ ಹೆಂಗ ಅತ್ತಿದ್ಳು, ಅದೂ ಹೇಳ್ಲೇನು?" ಎಂದಳಂತೆ. ಆತ ಬರೆದುಕೊಂಡ. ಪಕ್ಕದ ಮನೆಯ ದರ್ಜಿ ತಾನೇಕೆ ಹಿಂದೆ ಬೀಳಬೇಕೆಂದು, "ಆಕಿ ತವರುಮನಿ ತಿಂಥಣಿ ರೀ. ಅದಕ್ಕೇ ನೋಡ್ರಿ, ಮೀನಂದ್ರ ಜೀವ ಬಿಡ್ತಾಳ" ಎಂದ. ಅದನ್ನೂ ಬರೆದುಕೊಂಡ.

ಅಷ್ಟರಲ್ಲಿ ನೀಲಮ್ಮ ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟುಕೊಂಡು ಬಂದಳು. ಆತನ ಮೋಟಾರ್ ಸೈಕಲ್ಲಿನ ಮುಂದಿನ ಗಾಲಿ ಅವಳು ಒಣಗಲು ಹರವಿದ್ದ ಮೆಣಸಿನಕಾಯಿಯ ಮೇಲೆ ನಿಂತಿತ್ತು. "ಏನ್ರಿ, ಕಣ್ಣಿಗಿ ಕಾಣ್ತದೋ ಇಲ್ಲೋ? ಓಣಿ ತುಂಬ ಜಾಗಾ ಬಿಟ್ಟು ಮೆಣಸಿನಕಾಯಿ ಮ್ಯಾಲೇ ಗಾಡಿ ನಿಂದ್ರಸೀರಿ! ನಿಮ್ಮ ಮನ್ಯಾಗ ಖಾರ ಉಣ್ಣಂಗಿಲ್ಲೇನು? ತಗೀರಿ ಅತ್ಲಾಗ!" ಆತ ಗಾಬರಿಯಾಗಿ ಗಾಡಿ ಹಿಂದೆ ತಳ್ಳಿ, "ಈಕಿನೇ ಏನು?" ಎಂದು ಯಂಕಮ್ಮನನ್ನು ಕೇಳಿದ. "ಈಕಿನೇ." "ನಿಮಗ ಕೇಳೂದು ಏನೂ ಇಲ್ಲ ತಾಯಿ" ಎಂದು ನೀಲಮ್ಮನಿಗೆ ಕೈಮುಗಿದು ಹೊರಟೇಹೋದ. ಅವನು ಯಾರೆಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ನಾವು ಶಿರವಾಳದಿಂದ ಬಂದಾಗ ಓಣಿಗೆ ಓಣಿಯೇ ಗೆದ್ದ ಮುಖ ಮಾಡಿಕೊಂಡು ಕಾಯುತ್ತಿತ್ತು. "ನೀ ಹೇಳಿದಂಗೇ ಹೇಳೀವಿ ತಮ್ಮಾ, ಇನ್ನ ಆಕಿನ್ನ ಯಾರೂ ಮುಟ್ಟಂಗಿಲ್ಲ" ಎಂದು ಯಂಕಮ್ಮ ನನಗೆ ಕುಡಿಯಲು ನೀರು ಕೊಟ್ಟಳು. ಕಥೆಯೆಲ್ಲ ಕೇಳಿ ನಾನು ಕಟ್ಟೆಯ ಮೇಲೆ ಕುಸಿದು ಕೂತು ಹಣೆ ಹಣೆ ಬಡಿದುಕೊಂಡೆ. ಪ್ರಯಾಣದಿಂದ ದಣಿದಿದ್ದಾರೆ ಎಂದು ದರ್ಜಿ ಗಾಳಿ ಹಾಕಿದ.

ಕೆಲವು ತಿಂಗಳ ನಂತರ ಯಾದಗಿರಿಯಿಂದ ಕರೆ ಬಂತು. ನೀಲಮ್ಮನನ್ನು ಕರೆದುಕೊಂಡು ಹೋದೆ, ಅವಳನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ ನಾನೊಬ್ಬನೇ ಒಳಗೆ ಹೋದೆ. ಅಲ್ಲಿ ಹೊಸದಾಗಿ ಬಂದಿದ್ದ ಅಧಿಕಾರಿ ಮೈಸೂರು ಕಡೆಯ ಹೆಣ್ಣುಮಗಳು, ಮೃದು ಮಾತು. "ಸರ್, ನೀವು ಕೊಟ್ಟ ವಿಳಾಸದಲ್ಲಿ ವಿದೇಶಿ ಮಹಿಳೆ ಯಾರೂ ವಾಸವಿಲ್ಲ ಅಂತ ವರದಿ ಬಂದಿದೆ. ನಿಮ್ಮ ಸೊಸೆ ಸುರಪುರದಲ್ಲೇ ಹುಟ್ಟಿದ್ದಾರೆ ಅಂತ ಸೂಲಗಿತ್ತಿಯೇ ಹೇಳಿದ್ದಾರೆ. ಇಲ್ಲೇ ಹುಟ್ಟಿದವರಿಗೆ ನಾನು ಪೌರತ್ವ ಹೇಗೆ ಕೊಡಿಸಲಿ? ಇಲ್ಲಾಂದ್ರೆ ಈ ಪಾಸ್‌ಪೋರ್ಟ್ ಸುಳ್ಳಾ?" ವರದಿ ಹೀಗೇ ಮೇಲೆ ಹೋದರೆ ಅರ್ಜಿ ತಿರಸ್ಕಾರವಾಗುತ್ತದೆ. ಅಷ್ಟೇ ಅಲ್ಲ, ಮುಂದಿನ ತಿಂಗಳು ಮುಗಿಯುವ ಪರವಾನಗಿಯ ನವೀಕರಣಕ್ಕೂ ಪ್ರಶ್ನೆ ಬರುತ್ತದೆ ಎಂದು ಆಕೆ ವಿವರಿಸಿದರು. ಹೇಳಿಕೆ ಕೊಟ್ಟವರು ಬಂದು ತಿದ್ದಿಕೊಳ್ಳಲು ಒಂದು ವಾರದ ಅವಕಾಶವನ್ನೂ ಕೊಟ್ಟರು.

ವಾಪಸು ಬರುವಾಗ ಶಹಾಪುರ ಬಂತು, ಹೋಯಿತು. ನೀಲಮ್ಮ ಕಿಟಕಿಯ ಕಡೆ ನೋಡಲೇ ಇಲ್ಲ. ನಾನೂ ನಗಿಸುವ ಧೈರ್ಯ ಮಾಡಲಿಲ್ಲ. ಮನೆಗೆ ಬಂದ ಮೇಲೆ ಅವಳು, "ಮಾವಾರ, ಲಂಕಾಕ್ಕ ಹೋದ್ರ ನಮ್ಮ ಮಂದಿ ನೀ ಇಂಡಿಯಾದಾಕಿ ಆಗೀದಿ ಅಂತಾರ. ಇಲ್ಲಿ ನೋಡಿದ್ರ ಇಲ್ಲಿಯಾಕಿ ಅಂತ ಹೇಳೇ ನನ್ನ ಹೊರಗ ಹಾಕಾಕತ್ಯಾರ. ಮಗಳು ಸಾಲಿಯಿಂದ ಬರೂದ್ರಾಗ ನಾ ಇಲ್ಲಂದ್ರ ಆಕಿಗೆ ಯಾರು ಊಟಕ್ಕ ಹಾಕ್ತಾರ್ರಿ?" ಎಂದು ಅತ್ತಳು. ಹತ್ತು ವರ್ಷದಲ್ಲಿ ಅವಳು ನನ್ನೆದುರು ಬಿಕ್ಕಿ ಬಿಕ್ಕಿ ಅತ್ತದ್ದು ಅದೇ ಮೊದಲು. ತಪ್ಪು ಯಾರದೆಂದು ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಮೂವತ್ತೊಂದು ವರ್ಷ ಮೇಜಿನ ಆಚೆ ನಿಂತು ಹೋದವರಲ್ಲಿ ಎಷ್ಟು ಜನ ಮನೆಗೆ ಹೋಗಿ ಹೀಗೆ ಅತ್ತಿರಬಹುದು ಎಂದು ಅಂದು ಮೊದಲ ಸಲ ಯೋಚಿಸಿದೆ. ನಾಚಿಕೆಯಾಯಿತು.

ಸುದ್ದಿ ತಿಳಿದ ಕೂಡಲೇ ಯಂಕಮ್ಮ ಕೋಲು ಊರಿಕೊಂಡು ಬಂದಳು. "ಸುಳ್ಳ ಹೇಳೀದಾಕಿ ನಾ, ಬಿಡಿಸ್ಕೊಂಡು ಬರಾಕಿನೂ ನಾನೇ. ಗಾಡಿ ಮಾ‌ಡು" ಎಂದು ದೇವಿಂದ್ರನಿಗೆ ಅಪ್ಪಣೆ ಮಾಡಿದಳು. ಮೂರನೆಯ ದಿನ ಬೆಳಿಗ್ಗೆ ಒಂದು ಕ್ರೂಸರ್ ಗಾಡಿಯಲ್ಲಿ ಓಣಿಯ ಹದಿನಾಲ್ಕು ಜನ, ಮದುವೆಗೆ ಹೊರಟವರಂತೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ತಾವು ಸುಳ್ಳುಗಾರರೆಂದು ಸಾಬೀತುಪಡಿಸಲು ಯಾದಗಿರಿಗೆ ಹೊರಟರು. ನಡುವೆ ಬುತ್ತಿ ಗಂಟು, ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ನಾನು ಇಷ್ಟಾದರೂ ಬುದ್ಧಿ ಕಲಿಯಲಿಲ್ಲ. ದಾರಿಯುದ್ದಕ್ಕೂ ನೀಲಮ್ಮನಿಗೆ ಹೇಳಿಕೊಟ್ಟೆ: "ಅಲ್ಲಿ ನೀ ಸರಿಯಾಗಿ ಮಾತಾಡಬ್ಯಾಡ. ಕನ್ನಡ ಸ್ವಲ್ಪ ಸ್ವಲ್ಪ ಗೊತ್ತು ಅನ್ನು, ತಡವರಿಸು. ಪರದೇಶದಾಕಿ ಅಂತ ಅವರಿಗೆ ಅನಸಬೇಕು." ಅವಳು ತಲೆಯಾಡಿಸಿದಳು.

ಅಧಿಕಾರಿಯ ಕೋಣೆಯಲ್ಲಿ ಹದಿನಾಲ್ಕು ಜನ ಹಿಡಿಸಲಿಲ್ಲ, ಅರ್ಧ ಜನ ಬಾಗಿಲಲ್ಲಿ ನಿಂತರು. "ನಿಮಗೆ ಕನ್ನಡ ಬರುತ್ತಾ?" ಎಂದು ಆಕೆ ಕೇಳಿದರೆ, ನೀಲಮ್ಮ ನಾನು ಕಲಿಸಿದಂತೆ, "ಕನ್ನಡ... ಚೂರು... ಚೂರು" ಎಂದಳು. ನಾನು ಹೆಮ್ಮೆಯಿಂದ ಮೀಸೆ ಸವರಿಕೊಂಡೆ. ಆಮೇಲೆ ಯಂಕಮ್ಮನ ಸರದಿ. ಯಂಕಮ್ಮನಿಗೆ ಹಲ್ಲಿಲ್ಲ, ಮಾತಿಗೆ ಬ್ರೇಕಿಲ್ಲ. ಕೈ ಬೀಸುತ್ತಾ, ಎದೆ ಮುಟ್ಟಿಕೊಳ್ಳುತ್ತಾ ಒಂದೇ ಉಸಿರಿಗೆ ಏನೇನೋ ಹೇಳಿದಳು. ಮೈಸೂರಿನ ಅಧಿಕಾರಿಗೆ ಒಂದಕ್ಷರ ಅರ್ಥವಾಗಲಿಲ್ಲ. "ಏನಂತಿದ್ದಾರೆ ಇವರು? ಬೈತಿದ್ದಾರಾ?" ಎಂದು ಗಾಬರಿಯಿಂದ ಸುತ್ತ ನೋಡಿದರು. ತನ್ನ ಯಂಕಮ್ಮನನ್ನು ಯಾರಾದರೂ ತಪ್ಪು ತಿಳಿಯುವುದೆಂದರೇನು! ನೀಲಮ್ಮ ಎಲ್ಲ ಮರೆತು ಮುಂದೆ ಬಂದಳು. "ಇಲ್ರಿ ಮೇಡಂ, ಬೈಯಾಕತ್ತಿಲ್ಲ. ಆಕಿ ಮಾತಿನ ಧಾಟಿನೇ ಹಂಗದ. ತಾನು ಹೇಳಿದ್ದು ಸುಳ್ಳು, ನನ್ನ ಒಯ್ತಾರಂತ ಅಂಜಿ ಹೇಳಿದ್ದು, ಜೇಲಿಗಿ ಹಾಕೂದಿದ್ರ ತನಗ ಹಾಕ್ರಿ, ಆದ್ರ ಜೇಲಿನ್ಯಾಗ ಎಲಿ ಅಡಿಕಿ ಕೊಡ್ತಾರೋ ಇಲ್ಲೋ ಮೊದಲ ಹೇಳ್ರಿ ಅಂತ ಕೇಳಾಕತ್ಯಾಳ್ರಿ." ಸುರಪುರದ ಕನ್ನಡವನ್ನು ಮೈಸೂರಿನವರಿಗೆ ತಿಳಿಸಿ ಹೇಳಲು ಶ್ರೀಲಂಕಾದವಳು ಬೇಕಾಯಿತು. ನಾನು ಮೀಸೆಯಿಂದ ಕೈ ತೆಗೆದೆ.

ಅಧಿಕಾರಿ ನಗು ತಡೆಯಲಾರದೆ ನೀರು ಕುಡಿದರು. "ಚೂರು ಚೂರು ಬರುತ್ತೆ ಅಂದ್ರಲ್ಲ?" ಎಂದು ನೀಲಮ್ಮನನ್ನು ಕೇಳಿದರು. ಅವಳು ನನ್ನ ಕಡೆ ನೋಡಿದಳು, ನಾನು ಫ್ಯಾನಿನ ಕಡೆ ನೋಡಿದೆ. "ಮಾವಾರು ಹಂಗ ಅನ್ನಂದ್ರು" ಎಂದು ನಿಜ ಹೇಳಿಬಿಟ್ಟಳು. ಆಮೇಲೆ ಆಕೆ ನೀಲಮ್ಮನ ಕೈಗೆ ಕಾಗದ ಕೊಟ್ಟು, ನಿಮ್ಮ ಭಾಷೆಯಲ್ಲಿ ನಿಮ್ಮ ಊರು, ತಂದೆ ತಾಯಿಯ ಹೆಸರು ಬರೆಯಿರಿ ಎಂದರು. ನೀಲಮ್ಮ ಗುಂಡು ಗುಂಡಗೆ ನಾಲ್ಕು ಸಾಲು ಬರೆದಳು. ಬರೆಯುತ್ತಾ ತಾಯಿಯ ಹೆಸರು ಬಂದಾಗ ಒಂದು ಗಳಿಗೆ ಪೆನ್ನು ನಿಲ್ಲಿಸಿದಳು. ಚಹಾ ತಂದ ಜವಾನ ಇಣುಕಿ ನೋಡಿ, "ಇದು ಕನ್ನಡಾನೇ ಅಲ್ಲೇನ್ರಿ ಮೇಡಂ? ಮಳ್ಯಾಗ ತೋಯ್ದಂಗ ಕಾಣ್ತದ ಅಷ್ಟೇ" ಎಂದ. ಪಾಸ್‌ಪೋರ್ಟು, ಹುಟ್ಟಿದ ದಾಖಲೆ, ಮದುವೆಯ ದಾಖಲೆ ಎಲ್ಲ ಮತ್ತೆ ತಾಳೆ ನೋಡಿದರು. ಓಣಿಯವರು ಒಬ್ಬೊಬ್ಬರಾಗಿ, ಈಕೆ ಪರದೇಶದವಳು, ನಾವು ಹೇಳಿದ್ದು ಸುಳ್ಳು ಎಂದು ಬರೆದು ಸಹಿ ಮಾಡಿದರು. ದರ್ಜಿ ತಿಂಥಣಿಯನ್ನು ವಾಪಸು ತೆಗೆದುಕೊಂಡ. ಕೊನೆಗೆ ಅಧಿಕಾರಿ, "ಅಜ್ಜಿ, ಇನ್ನೊಂದು ಸಲ ಯಾರಾದ್ರೂ ವಿಚಾರಣೆಗೆ ಬಂದ್ರೆ ಏನು ಹೇಳ್ತೀರಿ?" ಎಂದು ಕೇಳಿದರು. ಯಂಕಮ್ಮ ಈ ಸಲ ನಿಧಾನವಾಗಿ, ಎಲ್ಲರಿಗೂ ತಿಳಿಯುವಂತೆ ಹೇಳಿದಳು: "ಕೊಡಾಕ ಬಂದ್ರ ಖರೇ ಹೇಳತೀನಿ. ಒಯ್ಯಾಕ ಬಂದ್ರ ಮತ್ತ ಅದೇ ಸುಳ್ಳ ಹೇಳತೀನಿ." ಅಧಿಕಾರಿ ಕಡತದಲ್ಲಿ ಬಹಳ ಹೊತ್ತು ಬರೆದರು. ಬುತ್ತಿಯಲ್ಲಿದ್ದ ಎರಡು ರೊಟ್ಟಿ, ಒಂದಿಷ್ಟು ಹಿಂಡಿ ಅಲ್ಲೇ ಉಳಿದವು, ಬೇಡವೆಂದರೂ ಓಣಿಯವರು ಕೇಳಲಿಲ್ಲ.

ಪರವಾನಗಿ ಸಕಾಲಕ್ಕೆ ನವೀಕರಣವಾಯಿತು. ಪೌರತ್ವದ ಕಡತ ಮಾತ್ರ ಮತ್ತೆ ಮೇಲೆ ಹೋಯಿತು, ಮತ್ತೆ 'ಪರಿಶೀಲನೆಯಲ್ಲಿದೆ'. ಆದರೆ ಈಗ ನಾವು ಕಾಯುವುದರಲ್ಲಿ ಪಳಗಿದ್ದೆವು. ಒಂದು ಬೆಳಿಗ್ಗೆ ದೇವಿಂದ್ರ ಫೋನು ನೋಡಿದವನು ಅದನ್ನು ವೇಣಿಯ ಕೈಗೆ ಕೊಟ್ಟ. ಅವಳು ಆ ಹೊಸ ಪದವನ್ನು ಬಿಡಿಸಿ ಬಿಡಿಸಿ ಓದಿ, "ಅ-ನು-ಮೋ-ದಿ-ಸ-ಲಾ-ಗಿ-ದೆ. ಅಂದ್ರ ಏನಜ್ಜಾ?" ಎಂದಳು. ನೀಲಮ್ಮ ಕೈಯಲ್ಲಿದ್ದ ಹಿಟ್ಟನ್ನು ತೊಳೆಯದೆ ಮಗಳನ್ನು ಅಪ್ಪಿಕೊಂಡಳು. ಶರಣಮ್ಮ ಸೋಮವಾರವೆನ್ನುವುದನ್ನೂ ಮರೆತು ಬೆಲ್ಲ ಬಾಯಿಗೆ ಹಾಕಿಕೊಂಡಳು.

ತನ್ನ ಹಳೆಯ ದೇಶದ ಪೌರತ್ವ ಬಿಟ್ಟು, ಪ್ರಮಾಣವಚನ ತೆಗೆದುಕೊಳ್ಳಲು ಯಾದಗಿರಿಗೆ ಹೋದಾಗ ನೀಲಮ್ಮ ಅದನ್ನು ಕನ್ನಡದಲ್ಲೇ ಓದಿದಳು. ವೇಣಿಯ ಪಠ್ಯಪುಸ್ತಕದಲ್ಲಿ ಕಲಿತ ಓದು. ಒಂದೊಂದು ಪದವನ್ನೂ ಮೀನು ಆರಿಸುವಷ್ಟು ಜಾಗ್ರತೆಯಿಂದ ಓದಿದಳು. ಎಲ್ಲೂ ತಡವರಿಸಲಿಲ್ಲ. ಪ್ರಮಾಣಪತ್ರ ಹಿಡಿದು ಸುರಪುರದಲ್ಲಿ ಇಳಿದರೆ ಓಣಿಯ ತುದಿಯಲ್ಲಿ ಹಲಗೆ ಬಾರಿಸುತ್ತಿದ್ದರು. ಯಂಕಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿ ನೀಲಮ್ಮನನ್ನು ಕೂಡಿಸಿ, ತವರಿಗೆ ಬಂದ ಮಗಳಿಗೆ ತುಂಬುವಂತೆ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬಿದಳು. ತುಂಬುತ್ತಾ, "ಈಗ ಹೊಕ್ಕಳ ಕೊಯ್ದಂಗಾತು ನೋಡು" ಎಂದಳು. ಹೆಂಗಸರೆಲ್ಲ ನಕ್ಕರು, ನೀಲಮ್ಮ ಅತ್ತಳು. ಅಂದು ಓಣಿಯಲ್ಲಿ ನಾಲ್ಕು ಮನೆಯ ಒಲೆಯ ಮೇಲೆ ಹೋಳಿಗೆ. ದಾಖಲೆ ಸಮೇತ ಭಾರತೀಯಳಾದವಳು ಓಣಿಯಲ್ಲಿ ಅವಳೊಬ್ಬಳೇ ಎಂದು ದರ್ಜಿ ಪ್ರಮಾಣಪತ್ರವನ್ನು ಎಲ್ಲರಿಗೂ ತೋರಿಸಿದ. ಉಳಿದವರ ಬಳಿ ಇರುವುದು ಯಂಕಮ್ಮನ ಬಾಯಿಮಾತಷ್ಟೇ. ನಾನು ಮಧ್ಯದಲ್ಲಿ ಕೂತು, ಕಡತವನ್ನು ಹೇಗೆ ಬೆನ್ನು ಹತ್ತಬೇಕು ಎಂದು ಬಂದವರಿಗೆ ವಿವರಿಸುತ್ತಿದ್ದೆ. ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ.

ಆಮೇಲೆ ಮತದಾರರ ಪಟ್ಟಿಯನ್ನು ಹೊಸದಾಗಿ ಮಾಡಲು ಶಾಲೆಯ ಟೀಚರೊಬ್ಬರು ಮನೆಗೆ ಬಂದರು, ಫಾರ್ಮು ತುಂಬಿ ಕೊಡದ ಹಳಬರ ಹೆಸರೂ ಬಿಟ್ಟುಹೋಗುತ್ತದೆ ಎಂದರು. ನೀಲಮ್ಮ ಹೊಸಿಲಲ್ಲಿ ನಿಂತೇ ತನ್ನ ಫಾರ್ಮು ತುಂಬಿಕೊಟ್ಟಳು. ಶರಣಮ್ಮ, ದೇವಿಂದ್ರ ಇಬ್ಬರದೂ ಐದು ನಿಮಿಷದಲ್ಲಿ ಮುಗಿಯಿತು. ನಾನು ಮಾತ್ರ ನನ್ನ ಅನುಭವಕ್ಕೆ ತಕ್ಕಂತೆ, "ನಂದು ಇಲ್ಲೇ ಬಿಟ್ಟು ಹೋಗ್ರಿ, ಒಂದೂ ತಪ್ಪಿಲ್ಲದಂಗ ಸಾವಕಾಶ ತುಂಬಿ ನಾನೇ ತಂದು ಕೊಡ್ತೀನಿ" ಎಂದೆ. ಮತದಾನದ ದಿನ ನೀಲಮ್ಮ ರೇಷ್ಮೆ ಸೀರೆ ಉಟ್ಟು, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಳು. ಬೆರಳಿನ ಶಾಯಿಯನ್ನು ತನ್ನ ತಾಯಿಗೆ ಫೋನಿನಲ್ಲಿ ತೋರಿಸಿ ಇಬ್ಬರೂ ನಕ್ಕರು. ನನ್ನ ಸರದಿ ಬಂದಾಗ ಪಟ್ಟಿಯನ್ನು ಮೂರು ಸಲ ಹುಡುಕಿದರೂ ನನ್ನ ಹೆಸರು ಸಿಗಲಿಲ್ಲ. ಮನೆಗೆ ಬಂದು ನೋಡಿದರೆ ಫಾರ್ಮು, ನಾನೇ 'ಅತಿ ತುರ್ತು' ಎಂದು ಬರೆದಿಟ್ಟ ಲಕೋಟೆಯಲ್ಲಿ ಒಂದಕ್ಷರವೂ ತುಂಬದೆ ಖಾಲಿ ಕೂತಿತ್ತು. ನೀಲಮ್ಮ ಹೊಸ ಅರ್ಜಿ ತುಂಬಿ, ನನ್ನಿಂದ ಸಹಿ ಹಾಕಿಸಿ ಕೊಟ್ಟು ಬಂದಳು. ಈಗ ಅದು ಪರಿಶೀಲನೆಯಲ್ಲಿದೆ. ಈತ ಇಲ್ಲಿಯವನೇ ಹೌದೋ ಅಲ್ಲವೋ ಎಂದು ಓಣಿಯಲ್ಲಿ ಕೇಳಲು ಮನುಷ್ಯರು ಬರುತ್ತಾರಂತೆ. ನಿನ್ನೆ ಯಂಕಮ್ಮ ಎಲೆಗೆ ಸುಣ್ಣ ಹಚ್ಚುತ್ತಾ, "ತಮ್ಮಾ, ನಿನ್ನ ಬಗ್ಗೆ ಖರೇ ಹೇಳ್ಬೇಕೋ, ಸುಳ್ಳ ಹೇಳ್ಬೇಕೋ? ಈಗೇ ಹೇಳಿಬಿಡು" ಎಂದು ಕೇಳಿದಳು. ಅವಳಿಗೆ ನನ್ನ ಬಗ್ಗೆ ಗೊತ್ತಿರುವುದನ್ನೆಲ್ಲ ನೆನೆಸಿಕೊಂಡು ಆಗಿನಿಂದ ಯೋಚಿಸುತ್ತಿದ್ದೇನೆ. ಎರಡರಲ್ಲಿ ಯಾವುದು ನನಗೆ ಕ್ಷೇಮವೆಂದು ಇನ್ನೂ ತೀರ್ಮಾನವಾಗಿಲ್ಲ.